ಬರಿಗಾಲ ಓಟವನ್ನು ಗುರುತಿಸಿದ ಕಣ್ಣು

ಸರ್ ದೋರಾಬ್ಜಿ ಟಾಟಾ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಜಮ್‌ಶೆಡ್‌ಪುರದ ಉಕ್ಕಿನ ಕುಲುಮೆ. ಇನ್ನೂ ಸ್ವಲ್ಪ ಓದಿದವರಿಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆ ನೆನಪಾಗಬಹುದು. ಅವರ ತಂದೆ ಜಮ್‌ಷೇಟ್‌ಜಿಯವರ ಕನಸುಗಳನ್ನು ನನಸು ಮಾಡಿದ ಮಗನೆಂದೇ ಲೋಕ ಅವರನ್ನು ಗುರುತಿಸಿದೆ. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಆ ಮಹನೀಯರ ಬಾಳಿನಲ್ಲಿ ತಂದೆಯಿಂದ ಬಳುವಳಿಯಾಗಿ ಬಾರದ, ತಾವಾಗಿಯೇ ಕಂಡುಕೊಂಡ ಒಂದು ಕಾರ್ಯವಿತ್ತು. ಅದೆಂದರೆ ಓಟಗಾರರನ್ನು, ಅದರಲ್ಲಿಯೂ ದೂರ ಓಡುವ ಬಡ ಹುಡುಗರನ್ನು, ಗುರುತಿಸಿ ಲೋಕದ ಮುಂದೆ ನಿಲ್ಲಿಸಿದ್ದು. ಇಂದು ನಮ್ಮ ಹೈಸ್ಕೂಲುಗಳ ಮಕ್ಕಳು ವಲಯ, ತಾಲೂಕು, ಜಿಲ್ಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಓಡುವ ಓಟದ ಹಿಂದೆ ಈ ಹೆಸರೂ ನಿಂತಿದೆ ಎಂಬುದನ್ನು ಬಲ್ಲವರು ಕಡಿಮೆ. ಆ ಕಾರಣಕ್ಕಾಗಿಯೇ ಅವರ ಜೀವನವನ್ನು ಈ ಕಡೆಯಿಂದ ನೋಡಲು ನಾನು ಮನಸ್ಸು ಮಾಡಿದ್ದೇನೆ.

ಕನ್ನಡ ಪಾಠ ಹೇಳುವವನಿಗೆ ಓಟದ ಗೊಡವೆ ಏಕೆಂದು ವಾಚಕರು ಕೇಳಬಹುದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಓಡಾಡುವ ಅಧ್ಯಾಪಕನಿಗೆ ಆ ಪ್ರಶ್ನೆ ಹುಟ್ಟುವುದಿಲ್ಲ. ಕ್ರೀಡಾಕೂಟದ ದಿನ ದೈಹಿಕ ಶಿಕ್ಷಕರೊಬ್ಬರ ಕೈ ಎಲ್ಲಕ್ಕೂ ಸಾಲದು. ಆಗ ಸುತ್ತು ಎಣಿಸುವ ಕೆಲಸ ನಮ್ಮಂಥವರ ಪಾಲಿಗೆ ಬರುತ್ತದೆ. ಅಲ್ಲದೆ ಈ ನಾಡು ಹಿಂದಿನಿಂದಲೂ ಕಾಲಿನ ಬಲವನ್ನು ನಂಬಿದ ನಾಡು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು, ಶಿಶುನಾಳದ ಶರೀಫಸಾಹೇಬರು, ಹಿರೇಕೆರೂರು ಸೀಮೆಯವನೆಂದು ನಾವು ಹೆಮ್ಮೆಪಡುವ ಸರ್ವಜ್ಞ, ಇವರೆಲ್ಲ ಊರಿಂದೂರಿಗೆ ನಡೆದು ಬಾಳನ್ನು ಕಂಡವರು. ಇನ್ನು ದೀಪಾವಳಿ ಬಂತೆಂದರೆ ಹಿರೇಕೆರೂರು, ಹಾನಗಲ್ಲದ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿಯ ಸರ ಕಟ್ಟಿದ ಹೋರಿ ಬಾಣದಂತೆ ಬರುತ್ತದೆ. ಅದರೊಡನೆ ಓಡಿ ಕೊಬ್ಬರಿ ಹರಿಯಬೇಕೆಂದು ತರುಣರು ಪ್ರಾಣವನ್ನೇ ಪಣಕ್ಕಿಡುತ್ತಾರೆ. ಓಡುವುದು ಇಲ್ಲಿ ಯಾರೂ ಕಲಿಸಿದ ವಿದ್ಯೆಯಲ್ಲ.

ಆದರೂ ನಮ್ಮ ಕಾವ್ಯಗಳಲ್ಲಿ ಓಟಗಾರನಿಗೆ ಗೌರವದ ಸ್ಥಾನ ದೊರೆತಂತೆ ಕಾಣುವುದಿಲ್ಲ. ಬಿಲ್ಲಾಳಿಗೆ ಪದ್ಯವಿದೆ, ಮಲ್ಲನಿಗೆ ಪದ್ಯವಿದೆ, ಕುದುರೆಯ ವೇಗಕ್ಕೂ ವರ್ಣನೆಯಿದೆ. ಓಡುವ ಮನುಷ್ಯನೆಂದರೆ ನಮಗೆ ಮೊದಲು ನೆನಪಾಗುವವನು ಕುಮಾರವ್ಯಾಸನ ಉತ್ತರಕುಮಾರ, ಕೌರವರ ಸೇನೆಯನ್ನು ಕಂಡು ರಥದಿಂದಿಳಿದು ಓಡಿದವನು. ಓಟವೆಂದರೆ ಹೇಡಿತನದ ಗುರುತು, ಇಲ್ಲವೆ ಸೇವಕನ ಕೆಲಸ. ಕಾಡುಹಾದಿಯಲ್ಲಿ ಗೆಜ್ಜೆ ಕಟ್ಟಿದ ಈಟಿ ಹಿಡಿದು ಟಪಾಲಿನ ಚೀಲ ಹೊತ್ತು ಓಡುತ್ತಿದ್ದ ಹರಕಾರನ ಹೆಸರನ್ನು ಯಾರು ಬರೆದಿಟ್ಟರು? ದೂರದ ಓಟವು ಮಾನವಂತರ ಸಾಧನೆಯೂ ಆಗಬಲ್ಲುದೆಂದು ಈ ದೇಶದಲ್ಲಿ ಮೊದಮೊದಲು ಕಂಡವರಲ್ಲಿ ದೋರಾಬ್ಜಿಯವರು ಒಬ್ಬರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಕಥೆಗೆ ಬರೋಣ.

ದೋರಾಬ್ಜಿಯವರು ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬಯಿಯಲ್ಲಿ. ತಂದೆ ಜಮ್‌ಷೇಟ್‌ಜಿ, ತಾಯಿ ಹೀರಾಬಾಯಿ. ಮೊದಲ ವಿದ್ಯಾಭ್ಯಾಸ ಮುಂಬಯಿಯಲ್ಲಿಯೇ ನಡೆಯಿತು. 1875ರಲ್ಲಿ ಹುಡುಗನನ್ನು ಇಂಗ್ಲೆಂಡಿಗೆ ಕಳಿಸಿ ಖಾಸಗಿ ಗುರುವಿನ ಬಳಿ ಇರಿಸಿದರು. 1877ರಲ್ಲಿ ಕೇಂಬ್ರಿಜ್‌ನ ಗಾನ್‌ವಿಲ್ ಮತ್ತು ಕೀಸ್ ಕಾಲೇಜಿಗೆ ಸೇರಿದ ಆ ತರುಣ ಅಲ್ಲಿ ಕಳೆದದ್ದು ಎರಡೇ ವರ್ಷ. ಪುಸ್ತಕದಲ್ಲಿ ಎಷ್ಟು ಮುಳುಗಿದರೋ, ಆಟದ ಬಯಲಿನಲ್ಲಿ ಮಾತ್ರ ಚೆನ್ನಾಗಿ ಮುಳುಗಿದರು. ಕ್ರಿಕೆಟ್ಟು, ಫುಟ್‌ಬಾಲುಗಳಲ್ಲಿ ಕಾಲೇಜಿನ ಗೌರವ ಪಡೆದರು, ಟೆನ್ನಿಸ್ ಆಡಿದರು, ದೋಣಿ ನಡೆಸಿದರು, ಓಡಿದರು. ಕುದುರೆ ಸವಾರಿಯಂತೂ ಅವರಿಗೆ ಪ್ರಾಣ. ಮುಂಬಯಿಯಿಂದ ಪುಣೆಯ ಹತ್ತಿರದ ಖಡಕಿಯವರೆಗೆ, ನಡುವಿನ ಘಟ್ಟವನ್ನೂ ಏರಿ, ಒಂಬತ್ತು ಗಂಟೆಗಳಲ್ಲಿ ಸವಾರಿ ಮಾಡಿ ಮುಟ್ಟಿದರೆಂಬ ಸಂಗತಿಯನ್ನು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ದೂರವೆಂದರೇನು, ದಣಿವೆಂದರೇನು ಎಂಬುದನ್ನು ತಮ್ಮ ಮೈಯಲ್ಲಿಯೇ ಅರಿತಿದ್ದ ಸಿರಿವಂತ ಅವರು. ಮುಂದೆ ನಡೆದುದಕ್ಕೆ ಈ ಅರಿವೇ ಬೀಜವಾಯಿತೆಂದು ನನಗೆ ತೋರುತ್ತದೆ.

1879ರಲ್ಲಿ ತಾಯ್ನಾಡಿಗೆ ಹಿಂದಿರುಗಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ 1882ರಲ್ಲಿ ಪದವೀಧರರಾದರು. ಕೂಡಲೇ ತಂದೆಯ ಗದ್ದುಗೆಯ ಪಕ್ಕದಲ್ಲಿ ಹೋಗಿ ಕೂಡಲಿಲ್ಲ. ಎರಡು ವರ್ಷ ‘ಬಾಂಬೆ ಗೆಜೆಟ್’ ಪತ್ರಿಕೆಯಲ್ಲಿ ಕೆಲಸ ಮಾಡಿದರು. 1884ರಲ್ಲಿ ತಂದೆಯ ಹತ್ತಿಯ ವ್ಯವಹಾರಕ್ಕೆ ಸೇರಿದರು. ಪಾಂಡಿಚೇರಿಯಲ್ಲಿ ಗಿರಣಿ ಹಾಕಿದರೆ ಲಾಭವಾದೀತೇ ಎಂದು ನೋಡಿ ಬರುವ ಹೊಣೆ ಮೊದಲು ಹೆಗಲಿಗೆ ಬಿತ್ತು. ಬಳಿಕ ನಾಗಪುರದ ಎಂಪ್ರೆಸ್ ಗಿರಣಿಯಲ್ಲಿ ಕೆಲಸ ಕಲಿತರು.

ಈ ಅವಧಿಯ ಒಂದು ಸಂಗತಿ ಉಕ್ಕಿನ ಕಥೆ ಹೇಳುವವರ ಕಣ್ಣಿಗೆ ಸಣ್ಣದಾಗಿ ಕಾಣಬಹುದು. ನನಗೆ ಅದು ದೊಡ್ಡದು. ಇಂಗ್ಲೆಂಡಿನಿಂದ ಬಂದ ಮೇಲೆ ದೋರಾಬ್ಜಿಯವರು ಮುಂಬಯಿಯ ಹಲವು ಹೈಸ್ಕೂಲುಗಳನ್ನು ಒಂದುಗೂಡಿಸಿ, ಆಟಪಾಟಗಳಿಗಾಗಿ ಒಂದು ಸಂಘವನ್ನು ಕಟ್ಟಲು ನೆರವಾದರು. ತಾವೇ ಅದರ ಕಾರ್ಯದರ್ಶಿಯಾಗಿ ದುಡಿದರು. ಮೊದಲು ಕ್ರಿಕೆಟ್ಟಿಗೆಂದು ಹುಟ್ಟಿದ ಸಂಘ ಬಳಿಕ ಓಟ, ಜಿಗಿತಗಳ ಕೂಟಗಳನ್ನೂ ಏರ್ಪಡಿಸಿತು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ನಡುವೆ ನಡೆಯುವ ಪಂದ್ಯಗಳಲ್ಲಿ ಇರುವ ಬಹುಪಾಲು ಸ್ಪರ್ಧೆಗಳು ಮುಂಬಯಿಯ ಹೈಸ್ಕೂಲು ಹುಡುಗರಿಗೂ ದೊರೆತವು. ದೊಡ್ಡವರ ಕ್ಲಬ್ಬಿಗೆ ದೇಣಿಗೆ ಕೊಟ್ಟ ಧನಿಕರು ಆ ಕಾಲದಲ್ಲಿ ಹಲವರು. ಹೈಸ್ಕೂಲು ಮಕ್ಕಳ ಓಟಕ್ಕಾಗಿ ಕಾರ್ಯದರ್ಶಿಯ ಕಾಗದಪತ್ರ ಹಿಡಿದು ಕುಳಿತ ಧನಿಕರ ಮಗನನ್ನು ಹುಡುಕಬೇಕು. ಮುಂದೆ ಒಲಿಂಪಿಕ್ ಎಂಬ ದೊಡ್ಡ ಹೆಸರು ಬಂದಾಗ ಅವರು ತೊಡಗಿದ್ದು ಹೊಸ ಕೆಲಸದಲ್ಲಲ್ಲ. ಶಾಲೆಯ ಅಂಗಳದಲ್ಲಿ ಮೊದಲಿಟ್ಟ ಕೆಲಸವನ್ನೇ ಮುಂದುವರಿಸಿದರು.

ಅವರ ಬಾಳಸಂಗಾತಿ ದೊರೆತದ್ದು ನಮ್ಮ ನಾಡಿನಿಂದ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಹೊರ್ಮುಸ್‌ಜಿ ಭಾಭಾ ಅವರನ್ನು ಕಂಡು ಬರುವಂತೆ ಜಮ್‌ಷೇಟ್‌ಜಿಯವರು ಮಗನಿಗೆ ಸೂಚಿಸಿದ್ದರು. ಹೋದವರು ಭಾಭಾ ಅವರ ಮಗಳು ಮೆಹರ್‌ಬಾಯಿಯನ್ನು ಕಂಡು ಮೆಚ್ಚಿದರು. 1898ರ ಫೆಬ್ರುವರಿ 14ರಂದು ಮದುವೆಯಾಯಿತು. ವರನಿಗೆ 38 ವರ್ಷ, ವಧುವಿಗೆ 18. ಬೆಂಗಳೂರಿನಲ್ಲಿ ಓದಿ ಬೆಳೆದ ಮೆಹರ್‌ಬಾಯಿ ಟೆನ್ನಿಸ್ಸಿನಲ್ಲಿ ಪಳಗಿದ ಕೈ. ಸೀರೆಯುಟ್ಟೇ ಆಡುತ್ತಿದ್ದರು, ಆಡಿ ಗೆಲ್ಲುತ್ತಿದ್ದರು.  ಮುಂದೆ ಅಣುವಿಜ್ಞಾನದಲ್ಲಿ ಕೀರ್ತಿ ಪಡೆದ ಹೋಮಿ ಭಾಭಾ ಇದೇ ಮನೆತನದವರು, ಮೆಹರ್‌ಬಾಯಿಯವರ ಸೋದರನ ಮಗ.

1904ರಲ್ಲಿ ಜಮ್‌ಷೇಟ್‌ಜಿಯವರು ಜರ್ಮನಿಯಲ್ಲಿ ತೀರಿಕೊಂಡಾಗ ಅವರ ಮೂರು ಮಹಾಸಂಕಲ್ಪಗಳು ಇನ್ನೂ ಕಾಗದದ ಮೇಲೆಯೇ ಇದ್ದವು: ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನ ಸಂಸ್ಥೆ. ಮೂರೂ ಹಿರಿಯ ಮಗನ ಹೆಗಲೇರಿದವು. ಕಬ್ಬಿಣದ ಅದಿರು ಹುಡುಕಲು ದೋರಾಬ್ಜಿಯವರು ಎತ್ತಿನ ಗಾಡಿಯಲ್ಲಿ ಮಧ್ಯ ಹಿಂದೂಸ್ಥಾನದ ಕಾಡು ಅಲೆದರು. 1907ರಲ್ಲಿ ಉಕ್ಕಿನ ಕಂಪನಿ ಸ್ಥಾಪನೆಯಾಯಿತು. 1912ರಲ್ಲಿ ಉಕ್ಕು ಹೊರಬಂತು. ಖೋಪೋಲಿಯ ಜಲವಿದ್ಯುತ್ತು 1915ರಲ್ಲಿ ಮುಂಬಯಿಗೆ ಹರಿಯಿತು. ಮೈಸೂರು ಸರಕಾರ ಕೊಟ್ಟ 371 ಎಕರೆ ಭೂಮಿಯಲ್ಲಿ ಎದ್ದ ಬೆಂಗಳೂರಿನ ವಿಜ್ಞಾನ ಸಂಸ್ಥೆ 1911ರಲ್ಲಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. 1910ರಲ್ಲಿ ಅವರಿಗೆ ‘ಸರ್’ ಪದವಿ ಬಂತು. ಇವೆಲ್ಲ ಪಠ್ಯಪುಸ್ತಕಗಳಲ್ಲಿ ಇರುವ ವಿಷಯ. ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ.

ನಾನು ನಿಲ್ಲಬೇಕೆಂದಿರುವ ಸ್ಥಳ ಪುಣೆ, ಕಾಲ 1919. ಅಲ್ಲಿ 1906ರಲ್ಲಿ ಹುಟ್ಟಿದ ಡೆಕ್ಕನ್ ಜಿಮಖಾನೆ ಎಂಬ ಸಂಸ್ಥೆಯಿತ್ತು. ದೋರಾಬ್ಜಿಯವರನ್ನು ಅದರ ಅಧ್ಯಕ್ಷರಾಗಲು ಕರೆದರು. ಅವರು ಅಲ್ಲಿಯ ಕ್ರೀಡಾಕೂಟಕ್ಕೆ ಹೋದಾಗ ಕಂಡ ನೋಟ ಕೇಂಬ್ರಿಜ್‌ನಲ್ಲಿ ಪಳಗಿದ ಕಣ್ಣಿಗೆ ವಿಚಿತ್ರವಾಗಿಯೇ ತೋರಿತು. ಸ್ಪರ್ಧಿಗಳೆಲ್ಲ ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಊಟವೆಂದರೆ ಒಣರೊಟ್ಟಿಯ ಮಟ್ಟದ್ದು. ಯುರೋಪಿನ ನಿಯಮಗಳು ಅವರಿಗೆ ಗೊತ್ತಿರಲಿಲ್ಲ. ತರಬೇತಿಯೆಂಬ ಮಾತನ್ನು ಅವರು ಕೇಳಿರಲಿಲ್ಲ. ನೂರು ಗಜದ ಓಟವನ್ನು ನೇರ ಹಾದಿಯಲ್ಲಿ ಓಡಿಸಬೇಕೆಂಬುದು ಏರ್ಪಾಡು ಮಾಡಿದವರಿಗೇ ಹೊಳೆದಿರಲಿಲ್ಲ. ತಿರುವಿನಲ್ಲಿ ಓಡಿಸಲು ಹೊರಟಿದ್ದರು. ಇನ್ನೊಬ್ಬ ಧನಿಕನಾಗಿದ್ದರೆ ನಕ್ಕು, ಬಹುಮಾನ ಹಂಚಿ, ಗಾಡಿ ಹತ್ತುತ್ತಿದ್ದ.

ಆದರೆ ಕೂಟದ ಮುಖ್ಯ ಸ್ಪರ್ಧೆ ದೂರದ ಓಟ, ಸುಮಾರು 25 ಮೈಲಿಯದು; ಅದನ್ನು ಅವರು ಮ್ಯಾರಥಾನ್ ಎಂದೇ ಕರೆಯುತ್ತಿದ್ದರು. ಜಲ್ಲಿ ಬಡಿದ ಗಟ್ಟಿ ರಸ್ತೆ, ಧೂಳಿನ ಹಾದಿ, ಅದರ ಮೇಲೆ ಬರಿಗಾಲು. ಮೊದಲು ಬಂದ ಮೂರು ನಾಲ್ಕು ಜನರ ಓಟದ ಅವಧಿಯನ್ನು ದೋರಾಬ್ಜಿಯವರು ಲೆಕ್ಕ ಹಾಕಿದರು. ಅದು ಯುರೋಪಿನವರ ಓಟದ ಕಾಲದೊಡನೆ ಹೋಲಿಸಬಹುದಾದ ಲೆಕ್ಕವೆಂದು ಅವರಿಗೆ ಕಂಡಿತು. ಇಲ್ಲಿಯೇ ಅವರ ಹಿರಿಮೆ ಇರುವುದು. ಕಣ್ಣ ಮುಂದೆ ಕಾಣುತ್ತಿದ್ದುದು ಹರಕು ಬಟ್ಟೆ, ಬಿರಿದ ಹಿಮ್ಮಡಿ, ಹಳ್ಳಿಯ ಮಾತು. ಗಡಿಯಾರ ಹೇಳುತ್ತಿದ್ದುದು ಬೇರೆ. ಅವರು ಕಣ್ಣಿನ ರೂಢಿಯನ್ನು ಬಿಟ್ಟು ಗಡಿಯಾರವನ್ನು ನಂಬಿದರು. ಗಡಿಯಾರಕ್ಕೆ ಜಾತಿಯಿಲ್ಲ, ಭಾಷೆಯಿಲ್ಲ, ರಾಜ ಪ್ರಜೆ ಎಂಬ ಭೇದವಿಲ್ಲ. ಆಳುವವರು ಮೇಲು, ಆಳಿಸಿಕೊಳ್ಳುವವರು ಕೀಳು ಎಂಬ ನಂಬಿಕೆ ಗಾಳಿಯಂತೆ ಹಬ್ಬಿದ್ದ ಕಾಲದಲ್ಲಿ ಹೀಗೆ ನಂಬುವುದಕ್ಕೆ ಧೈರ್ಯ ಬೇಕಾಗಿತ್ತು.

ಈ ಓಟಗಾರರಲ್ಲಿ ಕೆಲವರನ್ನು ತಮ್ಮ ಖರ್ಚಿನಿಂದಲೇ 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಕಳಿಸಬೇಕೆಂದು ಅವರು ಗೆಳೆಯರ ಮುಂದೆ ಸೂಚಿಸಿದರು. ಮುಂಬಯಿಯ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ದೊರೆಯಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಒಪ್ಪಿಗೆಯೂ ಬಂತು. ಸರಕಾರ ಸ್ವಲ್ಪ ಹಣ ಕೊಟ್ಟಿತು, ಸಾರ್ವಜನಿಕರು ಸ್ವಲ್ಪ ಕೂಡಿಸಿದರು; ಸಾಲದುದನ್ನು ದೋರಾಬ್ಜಿಯವರು ತುಂಬಿದರು. 1920ರ ಏಪ್ರಿಲಿನಲ್ಲಿ ಪುಣೆಯಲ್ಲಿ ಆಯ್ಕೆಯ ಪಂದ್ಯಗಳು ನಡೆದವು. ಬಂಗಾಲದ ಪುರ್ಮಾ ಬ್ಯಾನರ್ಜಿ ಸಮೀಪದ ಓಟಗಳಿಗೆ, ಸಾತಾರೆಯ ದಾತಾರ ದೂರದ ಓಟಕ್ಕೆ, ಇಬ್ಬರು ಮಲ್ಲರು ಕುಸ್ತಿಗೆ ಆರಿಸಲ್ಪಟ್ಟರು. ಉಳಿದ ಇಬ್ಬರೂ ದೂರದ ಓಟಗಾರರು, ಇಬ್ಬರೂ ಕನ್ನಡ ನಾಡಿನ ಊರುಗಳವರು: ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ, ಹುಬ್ಬಳ್ಳಿಯ ಕೈಕಾಡಿ.

ಈ ಎರಡು ಊರುಗಳ ಹೆಸರು ಪುಣೆಯ ಪಟ್ಟಿಯಲ್ಲಿ ಬಂದದ್ದು ಹೇಗೆಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಆಗ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಇಲಾಖೆಯ ಭಾಗ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಸೀಮೆಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ 1948ರವರೆಗೆ ನವಾಬರ ಪುಟ್ಟ ಸಂಸ್ಥಾನ. 1956ರಲ್ಲಿ ಕನ್ನಡ ನಾಡು ಒಂದಾಯಿತು. 1997ರಲ್ಲಿ ಹಾವೇರಿ ಜಿಲ್ಲೆ ಹುಟ್ಟಿತು. ಆಗ ನಮ್ಮವರಿಗೆ ದೊಡ್ಡ ಪರೀಕ್ಷೆ, ದೊಡ್ಡ ಕಚೇರಿ, ದೊಡ್ಡ ಕೂಟ ಎಲ್ಲವೂ ಉತ್ತರದಲ್ಲಿ. ಶಿಗ್ಗಾಂವಿಯ ಸೀಮೆಯನ್ನು ಹಾದು ಬರುವ ಪುಣೆ-ಬೆಂಗಳೂರು ರಸ್ತೆ ಆ ಸಂಬಂಧದ ಗುರುತಾಗಿ ಇಂದಿಗೂ ಇದೆ. ಕನ್ನಡದ ಹುಡುಗರು ಪುಣೆಯಲ್ಲಿ ಓಡಿ ಗೆದ್ದು ಲೋಕಕ್ಕೆ ಹೋದದ್ದು ಈ ದಾರಿಯ ಫಲ.

ಜೂನ್ ತಿಂಗಳಿನಲ್ಲಿ ತಂಡ ಹಡಗು ಹತ್ತಿತು. ಲಂಡನ್ನಿನಲ್ಲಿ ಕೆಲವು ವಾರ ಇಂಗ್ಲಿಷ್ ಗುರುವಿನ ಕೈಯಲ್ಲಿ ತರಬೇತಿಯಾಯಿತು. ಆಗಸ್ಟ್ 22ರಂದು ಆಂಟ್‌ವರ್ಪ್‌ನಲ್ಲಿ ಮ್ಯಾರಥಾನ್. ಆ ದಿನದ ದಾರಿ 42.75 ಕಿಲೋಮೀಟರ್, ಒಲಿಂಪಿಕ್ಸಿನ ಚರಿತ್ರೆಯಲ್ಲಿಯೇ ಅಷ್ಟು ಉದ್ದದ ಮ್ಯಾರಥಾನ್ ಮತ್ತೆ ನಡೆದಿಲ್ಲ. ಹವೆ ತಂಪು, ಮಳೆಯ ಹನಿ. ಓಡಲು ನಿಂತವರು 48 ಜನ. ಗೆದ್ದವರು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್‌ಮೈನೆನ್, 1912ರಲ್ಲಿಯೇ ಮೂರು ಚಿನ್ನದ ಪದಕ ಪಡೆದಿದ್ದ ಮಹಾ ಓಟಗಾರ. ಅವರ ಅವಧಿ 2 ಗಂಟೆ 32 ನಿಮಿಷ 35.8 ಸೆಕೆಂಡು. ಎಸ್ತೋನಿಯದ ಯೂರಿ ಲೊಸ್‌ಮನ್ ಹದಿಮೂರು ಸೆಕೆಂಡುಗಳ ಅಂತರದಲ್ಲಿ ಎರಡನೆಯವರಾದರು. ಹದಿಮೂರು ಜನ ದಾರಿಯಲ್ಲಿಯೇ ನಿಂತರು. ಸಾತಾರೆಯ ದಾತಾರರೂ ಅವರಲ್ಲಿ ಒಬ್ಬರು. ಬೆಳಗಾವಿಯ ಚೌಗುಲೆ ನಿಲ್ಲಲಿಲ್ಲ. 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಓಡಿ ಮುಗಿಸಿ ಹತ್ತೊಂಬತ್ತನೆಯವರಾದರು.

ಹತ್ತೊಂಬತ್ತನೆಯ ಸ್ಥಾನವೆಂದರೆ ಪತ್ರಿಕೆಯ ತಲೆಬರಹವಾಗುವ ಸುದ್ದಿಯಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. ಒಂದೊಂದು ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷ. ಅದೇ ವೇಗದಲ್ಲಿ, ಗುರುತಿಲ್ಲದ ದೇಶದಲ್ಲಿ, ಚಳಿ ಮಳೆಯಲ್ಲಿ, ಹತ್ತಿರ ಹತ್ತಿರ ಮೂರು ಗಂಟೆ. ಗೆದ್ದವರಿಗೂ ಇವರಿಗೂ ಇದ್ದ ಅಂತರ ಹದಿನೆಂಟು ನಿಮಿಷ. ಗೆದ್ದವರ ಹಿಂದೆ ಹಲವು ವರ್ಷಗಳ ಶಿಸ್ತಿನ ಅಭ್ಯಾಸವಿತ್ತು. ಇವರ ಹಿಂದೆ ಇದ್ದದ್ದು ಕೆಲವು ವಾರಗಳದ್ದು. ಓಡಿ ಮುಗಿಸಿದವರಲ್ಲಿ ಹದಿನಾರು ಜನ ಇವರ ಬೆನ್ನ ಹಿಂದೆ ಬಂದರು. ಪುಣೆಯಲ್ಲಿ ದೋರಾಬ್ಜಿಯವರು ಹಾಕಿದ ಲೆಕ್ಕ ತಪ್ಪಾಗಿರಲಿಲ್ಲವೆಂದು ಆಂಟ್‌ವರ್ಪ್‌ನ ಗಡಿಯಾರವೇ ಸಾಕ್ಷಿ ಹೇಳಿತು. ಒಲಿಂಪಿಕ್ಸಿನ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯರು ಬೆಳಗಾವಿಯವರೆಂಬುದು ನಮ್ಮ ಮಕ್ಕಳ ಬಾಯಲ್ಲಿ ಇರಬೇಕಾದ ಮಾತು.

ಆಂಟ್‌ವರ್ಪ್‌ನ ವರ್ಷದಲ್ಲಿಯೇ ದೋರಾಬ್ಜಿಯವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಹುಡುಗರನ್ನು ಹಡಗು ಹತ್ತಿಸಿದರೆ ಸಾಲದು, ಊರೂರಿನಲ್ಲಿ ಗುರುಗಳು ಬೇಕೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಮದ್ರಾಸಿನಲ್ಲಿ ವೈ.ಎಂ.ಸಿ.ಎ.ಯ ದೈಹಿಕ ಶಿಕ್ಷಣದ ಶಾಲೆ 1920ರಲ್ಲಿ ಆರಂಭವಾಗಿತ್ತು. ಅದೇ ಸಂಸ್ಥೆಯ ನೋಹ್ರೆನ್, ಬಕ್ ಮೊದಲಾದವರು ದೋರಾಬ್ಜಿಯವರೊಡನೆ ಕೈಗೂಡಿಸಿದರು. ಪ್ರಾಂತ ಪ್ರಾಂತಗಳಲ್ಲಿ ಒಲಿಂಪಿಕ್ ಸಂಘಗಳು ತಲೆಯೆತ್ತಿದವು. 1924ರಲ್ಲಿ ದಿಲ್ಲಿಯಲ್ಲಿ ಅಖಿಲ ಭಾರತ ಕೂಟ ನಡೆದು, ಅಲ್ಲಿ ಆಯ್ಕೆಯಾದವರು ಪ್ಯಾರಿಸಿಗೆ ಹೋದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಘ ಸ್ಥಾಪನೆಯಾದಾಗ ದೋರಾಬ್ಜಿಯವರೇ ಮೊದಲ ಅಧ್ಯಕ್ಷರು. ಮರುವರ್ಷ ಆ ಸ್ಥಾನವನ್ನು ಪಟಿಯಾಲೆಯ ಮಹಾರಾಜರಿಗೆ ಬಿಟ್ಟುಕೊಟ್ಟರು. ಇಂದು ಪ್ರತಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಿರಬೇಕೆಂದು ನಾವು ಸಹಜವಾಗಿ ಹೇಳುತ್ತೇವಲ್ಲ, ಆ ಸಹಜತೆ ಬೆಳೆದ ದಾರಿಯಲ್ಲಿ ಈ ವರ್ಷಗಳೂ ಸೇರಿವೆ.

ಚರಿತ್ರೆ ಬರೆಯುವವನು ಗುಣವನ್ನೇ ಹೇಳಿ ಮುಗಿಸಿದರೆ ಅದು ಭಟ್ಟಂಗಿಯ ಹೊಗಳಿಕೆಯಾದೀತು. ದೋರಾಬ್ಜಿಯವರು ಪುಣೆಯಲ್ಲಿ ರೈತರ ಓಟ ನೋಡಿದ ಎರಡು ವರ್ಷಕ್ಕೆ, ಅದೇ ಪುಣೆಯ ಪಶ್ಚಿಮಕ್ಕೆ ಮುಳಶಿ ಎಂಬಲ್ಲಿ, ಟಾಟಾ ಕಂಪನಿಯ ಅಣೆಕಟ್ಟಿಗಾಗಿ ಮಾವಳದ ರೈತರು ಹೊಲಮನೆ ಕಳೆದುಕೊಳ್ಳಬೇಕಾಯಿತು. 1921ರಲ್ಲಿ ಅವರು ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಮುಂದಾಳಾದರು. ಹಲವರು ಸೆರೆಮನೆ ಸೇರಿದರು. ಮೂರು ವರ್ಷಗಳ ಹೋರಾಟ ಸೋಲಿನಲ್ಲಿ ಮುಗಿದು ಅಣೆಕಟ್ಟು ನಿಂತಿತು. ಓಟದ ಗೆರೆಯ ಮೇಲೆ ನಿಂತ ರೈತನ ಮಗನನ್ನು ಅಷ್ಟು ನಿಚ್ಚಳವಾಗಿ ಕಂಡ ಕಣ್ಣಿಗೆ, ಹೊಲದ ಬದುವಿನ ಮೇಲೆ ನಿಂತ ಅವನ ತಂದೆ ಅಷ್ಟೇ ನಿಚ್ಚಳವಾಗಿ ಕಂಡನೆಂದು ಹೇಳಲಾರೆ. ಒಂದೇ ಮನುಷ್ಯನಲ್ಲಿ ಈ ಎರಡೂ ಇದ್ದವು. ಒಂದನ್ನು ಮರೆಸಿ ಇನ್ನೊಂದನ್ನು ಹೇಳುವುದು ಅವರಿಗೂ ನ್ಯಾಯವಲ್ಲ, ಮುಳಶಿಯವರಿಗೂ ಅಲ್ಲ.

ಹಾಗೆಂದು ಅವರು ಹಣಕ್ಕೆ ಅಂಟಿಕೊಂಡವರೂ ಅಲ್ಲ. 1924ರಲ್ಲಿ ಉಕ್ಕಿನ ಕಂಪನಿ ಮುಳುಗುವ ಹಂತಕ್ಕೆ ಬಂದು, ಕೆಲಸಗಾರರಿಗೆ ಸಂಬಳ ಕೊಡುವುದೂ ಕಷ್ಟವಾದಾಗ, ದೋರಾಬ್ಜಿಯವರು ತಮ್ಮ ಸ್ವಂತ ಆಸ್ತಿಯನ್ನೆಲ್ಲ ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸುಮಾರು ಒಂದು ಕೋಟಿ ರೂಪಾಯಿ ಸಾಲ ತಂದರು. ಆ ಒತ್ತೆಯಲ್ಲಿ ಮೆಹರ್‌ಬಾಯಿಯವರ ಒಡವೆಗಳೂ ಇದ್ದವು. ಅವುಗಳಲ್ಲಿ 245 ಕ್ಯಾರಟ್ಟಿನ ಜ್ಯೂಬಿಲಿ ವಜ್ರವೂ ಒಂದು, ಕೊಹಿನೂರಿಗಿಂತ ಎರಡು ಪಟ್ಟು ದೊಡ್ಡದು. ಕಂಪನಿ ಉಳಿಯಿತು. ಓಟಗಾರನಂತೆ, ಉಸಿರು ಕಟ್ಟುವ ಮೈಲಿಯಲ್ಲಿ ನಿಲ್ಲದೆ ಮುಂದಿನ ಹೆಜ್ಜೆ ಇಡುವ ಗುಣ ಅವರಲ್ಲಿ ಇತ್ತೆಂದು ಹೇಳಿದರೆ ಅತಿಶಯವಾಗದು.

ದಂಪತಿಗಳಿಗೆ ಮಕ್ಕಳಿರಲಿಲ್ಲ. 1931ರ ಜೂನ್ 18ರಂದು ಮೆಹರ್‌ಬಾಯಿಯವರು ರಕ್ತದ ಅರ್ಬುದದಿಂದ ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ ತೀರಿಕೊಂಡರು. ಮರುವರ್ಷ ದೋರಾಬ್ಜಿಯವರು ಆ ರೋಗದ ಸಂಶೋಧನೆಗಾಗಿ ಪತ್ನಿಯ ಹೆಸರಿನಲ್ಲಿ ಒಂದು ನಿಧಿ ಸ್ಥಾಪಿಸಿದರು. ತಮ್ಮ ಉಳಿದ ಸಂಪತ್ತನ್ನೆಲ್ಲ ಇನ್ನೊಂದು ದತ್ತಿಗೆ ಬರೆದುಕೊಟ್ಟರು. ಹೆಂಡತಿಯ ಸಮಾಧಿಯನ್ನು ಕಾಣಬೇಕೆಂದು ಯುರೋಪಿಗೆ ಹೊರಟವರು ಅಲ್ಲಿಗೆ ಮುಟ್ಟಲಿಲ್ಲ. 1932ರ ಜೂನ್ 3ರಂದು ಜರ್ಮನಿಯ ಬಾಡ್ ಕಿಸ್ಸಿಂಗೆನ್ ಎಂಬ ಊರಿನಲ್ಲಿ ಕಣ್ಣು ಮುಚ್ಚಿದರು. ಅವರ ಅಸ್ಥಿಯನ್ನು ಇಂಗ್ಲೆಂಡಿನ ಬ್ರುಕ್‌ವುಡ್ಡಿನಲ್ಲಿ ಪತ್ನಿಯ ಪಕ್ಕದಲ್ಲಿಯೇ ಇಟ್ಟರು. ಅವರು ಬಿಟ್ಟುಹೋದ ದತ್ತಿಯಿಂದ ಮುಂಬಯಿಯ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ, ಅರ್ಬುದದ ಆಸ್ಪತ್ರೆ 1941ರಲ್ಲಿ, ಮೂಲವಿಜ್ಞಾನದ ಸಂಶೋಧನಾಲಯ 1945ರಲ್ಲಿ ಹುಟ್ಟಿದವು.

ಇನ್ನು ಈ ಜೀವನ ನಮ್ಮ ನಾಲ್ಕು ತಾಲೂಕುಗಳಿಗೆ ಏನು ಹೇಳುತ್ತದೆಂದು ವಿಚಾರ ಮಾಡಬೇಕು. ಚಳಿಯ ದೇಶಗಳಲ್ಲಿ ಹಿಮ ಬಿದ್ದಾಗ ಹೈಸ್ಕೂಲು ಮಕ್ಕಳು ಸೂರಿನ ಕೆಳಗೆ ಓಡುತ್ತಾರೆ. ಆ ಒಳಾಂಗಣದ ಓಟದ ಹಾದಿ ಸುತ್ತಿಗೆ 200 ಮೀಟರ್. ಮೂರು ಸಾವಿರ ಮೀಟರಿಗೆ ಹದಿನೈದು ಸುತ್ತು. ತಿರುವಿನಲ್ಲಿ ಕಾಲು ಜಾರದಂತೆ ಹಾದಿಯನ್ನು ಓರೆಯಾಗಿ ಎತ್ತಿರುತ್ತಾರೆ, ಗಾಳಿಯಿಲ್ಲ, ಮಳೆಯಿಲ್ಲ. ನಮ್ಮ ದೇಶದಲ್ಲಿ ಭುವನೇಶ್ವರದಂಥ ಕಡೆ ಅಂಥ ಸೂರು ಈಚೆಗೆ ಎದ್ದಿದೆ. ನಮ್ಮ ಹೈಸ್ಕೂಲುಗಳ ಬಯಲಿನಲ್ಲಿಯೂ ಸುಣ್ಣದ ಪುಡಿಯಿಂದ ಎಳೆಯುವ ಸುತ್ತು ಬಹಳ ಕಡೆ 200 ಮೀಟರಿನದೇ. ನಾನು ಎಣಿಸುವುದೂ ಹದಿನೈದು ಸುತ್ತನ್ನೇ. ಗಣಿತ ಒಂದೇ, ನೆಲ ಬೇರೆ. ಕ್ರೀಡಾಕೂಟಗಳು ಬರುವುದು ಶ್ರಾವಣ, ಭಾದ್ರಪದದ ಮಳೆಯಲ್ಲಿ. ಮಲೆನಾಡಿನ ಸೆರಗಿನ ಹಾನಗಲ್ಲದಲ್ಲಿ ಎಂಟನೆಯ ಸುತ್ತಿಗೆ ಸುಣ್ಣದ ಗೆರೆ ಕೊಚ್ಚಿಹೋಗಿರುತ್ತದೆ. ಸವಣೂರಿನ ಎರೆಮಣ್ಣು ಪಾದಕ್ಕೆ ಅಂಟಿ, ಒಂದೊಂದು ಕಾಲೂ ಒಂದೊಂದು ಸೇರು ಭಾರವಾಗುತ್ತದೆ. ಬೂಟು ಇದ್ದವರೂ ಬಿಚ್ಚಿಟ್ಟು ಬರಿಗಾಲಿನಲ್ಲಿ ಓಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಸೂರು ಇಲ್ಲವೆಂಬುದು ನನ್ನ ದೊಡ್ಡ ಚಿಂತೆಯಲ್ಲ. ಪುಣೆಯ ರೈತ ಹುಡುಗರಿಗೂ ಸೂರಿರಲಿಲ್ಲ. ಚಿಂತೆ ಬೇರೆಯದು. ತಾಲೂಕಿನಲ್ಲಿ ಮೊದಲು ಬಂದ ಹುಡುಗನೋ ಹುಡುಗಿಯೋ ಒಂದು ಪ್ರಶಸ್ತಿಪತ್ರ ಪಡೆದು ಮನೆಗೆ ಹೋಗುತ್ತದೆ. ಯಾರು ಮೊದಲು, ಯಾರು ಎರಡನೆಯವರು ಎಂದು ಬರೆದುಕೊಳ್ಳುತ್ತೇವೆ. ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ಬರೆಯುವುದು ಅಪರೂಪ. ಕೆಸರಿನಲ್ಲಿ, ಬರಿಗಾಲಿನಲ್ಲಿ ಓಡಿದ ಆ ಅವಧಿ ಬೆಂಗಳೂರಿನ ಸಮತಟ್ಟಾದ ಹಾದಿಯಲ್ಲಿ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕುವವರು ಇನ್ನೂ ಅಪರೂಪ. ಹತ್ತನೆಯ ತರಗತಿ ಮುಗಿಯುತ್ತದೆ, ಗೋವಿನಜೋಳದ ಕೊಯ್ಲು ಬರುತ್ತದೆ, ಹುಡುಗಿಗೆ ಮದುವೆಯ ಮಾತು ಬರುತ್ತದೆ, ಓಟ ನಿಲ್ಲುತ್ತದೆ. ಯಾರೂ ಕೆಟ್ಟವರಲ್ಲ, ಯಾರೂ ತಡೆದಿಲ್ಲ. ನೋಡಬೇಕಾದ ಕಣ್ಣೊಂದು ಆ ದಿನ ಅಲ್ಲಿ ಇರಲಿಲ್ಲ, ಅಷ್ಟೆ.

ದೋರಾಬ್ಜಿಯವರ ಸಂಪತ್ತು ನಮ್ಮಲ್ಲಿ ಯಾರಿಗೂ ಬರುವಂಥದಲ್ಲ. ಆದರೆ ಪುಣೆಯಲ್ಲಿ ಅವರು ಮಾಡಿದ ಮೊದಲ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ನೋಡಿದರು, ಅವಧಿಯನ್ನು ಲೆಕ್ಕ ಹಾಕಿದರು, ಆ ಲೆಕ್ಕವನ್ನು ನಂಬಿದರು, ನಂಬಿದ್ದನ್ನು ನಾಲ್ಕು ಜನರ ಮುಂದೆ ಹೇಳಿದರು. ಹಡಗು, ಗುರು, ಒಲಿಂಪಿಕ್ಸು ಎಲ್ಲವೂ ಆಮೇಲಿನವು. ಹಣ ಬೇಡದ ಆ ಮೊದಲ ಕೆಲಸ ಪ್ರತಿಯೊಬ್ಬ ಅಧ್ಯಾಪಕನಿಂದ ಸಾಧ್ಯ. ಸುತ್ತು ಎಣಿಸುವವನು ಸೆಕೆಂಡನ್ನೂ ಬರೆದಿಡಲಿ. ಬರೆದಿಟ್ಟದ್ದನ್ನು ಮಗುವಿನ ತಂದೆತಾಯಿಗೆ ಓದಿ ಹೇಳಲಿ, ಮುಂದಿನ ಕಾಲೇಜಿಗೆ ತಿಳಿಸಲಿ. ಆ ಚೀಟಿಯ ಮೇಲಿನ ಅಂಕೆ ಫಡೆಪ್ಪ ಚೌಗುಲೆಯವರ ಅಂಕೆಯಂತೆ ಲೋಕದ ದಾಖಲೆಯಲ್ಲಿ ಸೇರದಿರಬಹುದು. ಆದರೆ ಅದು ಬರೆಯದೆ ಹೋದರೆ ಸೇರುವ ದಾರಿಯೇ ಇಲ್ಲ.

ದೊಡ್ಡವರ ಜೀವನವನ್ನು ಓದುವುದು ಅವರಂತೆ ಆಗುವುದಕ್ಕಲ್ಲ; ಅವರು ಮಾಡಿದ ಕೆಲಸಗಳಲ್ಲಿ ನಮ್ಮ ಕೈಗೆಟಕುವುದು ಯಾವುದೆಂದು ಹುಡುಕುವುದಕ್ಕೆ. ಸರ್ ದೋರಾಬ್ಜಿ ಟಾಟಾ ಅವರ ಬಾಳಿನಲ್ಲಿ ಉಕ್ಕು ನಮಗೆ ಎಟಕದು, ವಜ್ರ ಎಟಕದು. ಬರಿಗಾಲಿನಲ್ಲಿ ಓಡಿ ಬಂದ ಹುಡುಗನ ಮುಖವನ್ನು ನೋಡಿ, ಅವನ ಅವಧಿಯನ್ನು ಬರೆದುಕೊಳ್ಳುವುದು ಎಟಕುತ್ತದೆ.